ಸಹಾಯ ಬೇಕು: ನಿಲ್ಲಿಸಿಟ್ಟ ಮೋಟರ್‌ಹೋಮ್‌ಗೆ ಸದಾ ವಿದ್ಯುತ್ ಸಂಪರ್ಕ ಕೊಡಬಹುದೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮೋಟರ್‌ಹೋಮನ್ನು (ಒಳಗೇ ವಾಸಿಸಬಹುದಾದ ಗಾಡಿಯನ್ನು) ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸಬೇಕಾಗಿದ್ದು, ಅಷ್ಟೂ ದಿನ ಅದನ್ನು ವಿದ್ಯುತ್ ಸಂಪರ್ಕದಲ್ಲೇ ಇಡಬಹುದೇ ಎಂಬ ಬಗ್ಗೆ ಅನುಭವಿಗಳ ಸಲಹೆ ಬೇಕಾಗಿದೆ. ಎಂಜಿನ್ನಿನ ಬ್ಯಾಟರಿಯಲ್ಲದೆ, ವಾಸದ ಭಾಗಕ್ಕೆಂದು ಒಳಗಿರುವುದು 12 ವೋಲ್ಟಿನ ಎರಡು ಲೆಡ್-ಆಸಿಡ್ ಬ್ಯಾಟರಿಗಳು. ಕಳೆದ ಸಲ ಸಂಪರ್ಕವಿಲ್ಲದೆ ನಿಲ್ಲಿಸಿದ್ದಾಗ, ಗ್ಯಾಸ್ ಸೋರಿಕೆ ಪತ್ತೆ ಮಾಡುವ ಉಪಕರಣದಂಥ ಸಣ್ಣ ಬಳಕೆಯಿಂದಲೇ ಅವು ಬರಿದಾಗಿ, ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಎಂಬ ಲವಣ ಗಟ್ಟಿಯಾಗಿ ಕೂತು, ಒಂದು ಬ್ಯಾಟರಿ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಆ ನಷ್ಟದ ಬೇಸರ ಇನ್ನೂ ಹೋಗಿಲ್ಲ. ಹಾಗೆಂದು ಸದಾ ಚಾರ್ಜಿನಲ್ಲಿಡಲೂ ಭಯವಾಗುತ್ತದೆ, ಏಕೆಂದರೆ ನಮ್ಮ ಹಳೆಯ ಚಾರ್ಜರ್ ಬ್ಯಾಟರಿ ತುಂಬಿದ ಮೇಲೂ 13.6 ವೋಲ್ಟಿನಿಂದ ಕೆಳಗಿಳಿಯುವುದಿಲ್ಲ, ಇದರಿಂದ ಬ್ಯಾಟರಿಯ ನೀರು ಕ್ರಮೇಣ ಇಂಗುತ್ತದೆ. ತಾನಾಗಿಯೇ ವೋಲ್ಟೇಜ್ ತಗ್ಗಿಸುವ ಬಹುಹಂತದ ಚಾರ್ಜರ್ ಹಾಕಿಸುವುದು ಒಳ್ಳೆಯದೇ, ಅಥವಾ ನೆಗೆಟಿವ್ ತಂತಿ ಬಿಚ್ಚಿಟ್ಟು, 12.4 ವೋಲ್ಟಿಗಿಂತ ಕೆಳಗಿಳಿಯುವ ಮುನ್ನ ಆಗಾಗ ಚಾರ್ಜ್ ಮಾಡಿದರೆ ಸಾಕೇ? ಎಂಜಿನ್ನಿನ ಬ್ಯಾಟರಿಗೆ ನಮ್ಮ ಗಾಡಿಯಲ್ಲಿ ಈ ಚಾರ್ಜ್ ತಲುಪುವುದಿಲ್ಲ. ಅದಕ್ಕೆ ತಾವು ಏನು ಮಾಡುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.