ಮಾಯಾಲೋಕದಲ್ಲಿ ಗಡಿಯಾರ, ಅಳತೆ, ದುಡ್ಡು ಹೇಗಿರಬೇಕು?

ಪ್ರಶ್ನೆ: ಬಸವನಗುಡಿಯಲ್ಲಿ ಕೂತು ಎರಡು ಚಂದ್ರರಿರುವ ಲೋಕದ ಕಾದಂಬರಿ ಬರೆಯುತ್ತಿದ್ದೇನೆ. ನನ್ನ ಮಾಂತ್ರಿಕ ‘ಐದು ನಿಮಿಷ ಇರು’ ಅಂದರೆ ನನಗೇ ನಗು ಬರುತ್ತದೆ. ಎಲ್ಲದಕ್ಕೂ ಹೊಸ ಹೆಸರಿಟ್ಟರೆ ಓದುಗರು ಓಡಿಹೋಗುತ್ತಾರೆ, ಅಲ್ವಾ? ಏನು ಮಾಡಲಿ?

ಉತ್ತರ 1: ನಮ್ಮ ಹಳೆಯದನ್ನೇ ಬಳಸಿ. ದಿನಕ್ಕೆ 60 ಘಳಿಗೆ, ಒಂದು ಘಳಿಗೆ ಅಂದರೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಘಳಿಗೆ. ಮಾಂತ್ರಿಕನ ಗುಹೆಯಲ್ಲಿ ಆ ಬಟ್ಟಲು ಇಟ್ಟುಬಿಡಿ, ವಿವರಣೆ ಬೇಡ.

ಉತ್ತರ 2: ದುಡ್ಡಿಗೆ ದಶಮಾಂಶ ಬೇಡ, ಚೌಕಾಸಿಯ ಮಜಾ ಹೋಗುತ್ತದೆ. 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ ಇತ್ತು. ಅರ್ಧ, ಕಾಲು, ಅರೆಕಾಲು ಎಲ್ಲವೂ ಸಲೀಸು.

ಉತ್ತರ 3: ಗಾಂಧಿ ಬಜಾರಿಗೆ ಹೋಗಿ ಹೂವು ಕೊಳ್ಳಿ ಸ್ವಾಮಿ! ಈಗಲೂ ಮೊಳದ ಲೆಕ್ಕ, ಅಳೆಯುವುದು ಮಾರುವವರ ಕೈಯಲ್ಲಿ. ಅಮ್ಮ ಯಾವಾಗಲೂ ಉದ್ದ ಕೈಯವರನ್ನೇ ಹುಡುಕುತ್ತಾರೆ. ನಿಮ್ಮ ಲೋಕದಲ್ಲಿ ರಾಕ್ಷಸಿಯೂ ಕುಳ್ಳಿಯೂ ಅಕ್ಕಪಕ್ಕ ಹೂವು ಮಾರಲಿ, ಬೆಲೆ ಒಂದೇ ಇರಲಿ. ಕುಳ್ಳಿ ರಾಜನ ಹತ್ತಿರ ದೂರು ಕೊಡುತ್ತಾಳೆ. ರಾಜ ತನ್ನ ಕೈಯೇ ಅಳತೆ ಅನ್ನುತ್ತಾನೆ. ಅವನು ಸತ್ತರೆ?

ಪ್ರಶ್ನೆ ಕೇಳಿದವರು: ರಾಜನ ಮಗ ಇನ್ನೂ ಮಗು! ಹೂವಿನವರಿಗೆ ಹಬ್ಬ. ಥ್ಯಾಂಕ್ಸ್, ಮೂರನೇ ಅಧ್ಯಾಯ ಸಿಕ್ಕಿತು.