ಸಹಾಯ ಬೇಕು: ಫೆಚ್‌ನಿಂದ ಬಂದ ರಿಕ್ವೆಸ್ಟನ್ನು ಜಾಂಗೋದಲ್ಲಿ ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಹುಬ್ಬಳ್ಳಿಯಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಜಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಲಾಟ್ ನಂಬರ್ ಹಾಕಿದರೆ ಸಾಕು, ಫೆಚ್ (ಜಾವಾಸ್ಕ್ರಿಪ್ಟ್‌ನಿಂದ ಸರ್ವರನ್ನು ಕೇಳುವ ವಿಧಾನ) ಮೂಲಕ ಪೇಜ್ ರಿಲೋಡ್ ಆಗದೆ ತೂಕ, ದರ ಟೇಬಲ್‌ನಲ್ಲಿ ಬಂದು ಕೂರುತ್ತವೆ.

ತೊಂದರೆ ಇರುವುದು ಸೆಷನ್ ಮುಗಿದಾಗ. ಸರ್ವರ್ 302 (ಬೇರೆ ಪೇಜಿಗೆ ಹೋಗು ಎಂಬ ಉತ್ತರ) ಕೊಟ್ಟು ಲಾಗಿನ್‌ಗೆ ಕಳಿಸುತ್ತದೆ. ಫೆಚ್ ಸುಮ್ನೆ ಅದರ ಹಿಂದೆಯೇ ಹೋಗಿ, ಲಾಗಿನ್ ಪೇಜ್ ಪೂರ್ತಿ ತಂದು ಟೇಬಲ್ ಒಳಗೆ ಸುರಿಯುತ್ತದೆ. ದರ ಇರಬೇಕಾದ ಜಾಗದಲ್ಲಿ ಪಾಸ್‌ವರ್ಡ್ ಬಾಕ್ಸ್! ಟೆಂಡರ್ ದಿನ ದಿವಾನಜಿಯವರಿಗೆ ಎಷ್ಟು ಗಾಬರಿ ಆಗಬಹುದು ನೋಡಿ.

ಇಂಥ ರಿಕ್ವೆಸ್ಟ್‌ಗೆ 401 (ಲಾಗಿನ್ ಆಗಿಲ್ಲ ಎಂಬ ಉತ್ತರ) ಕೊಡಬೇಕು, ಮಾಮೂಲಿ ಪೇಜಿಗೆ ಮಾತ್ರ ರಿಡೈರೆಕ್ಟ್. ಇಂಥದ್ದನ್ನು ಗುರುತಿಸುತ್ತಿದ್ದ ಹಳೆಯ ಈಸ್-ಅಜಾಕ್ಸ್ ಮೆಥಡ್ ಜಾಂಗೋ 4.0ರಲ್ಲಿ ಹೋಯಿತು. ಅದು ನೋಡುತ್ತಿದ್ದ ಎಕ್ಸ್-ರಿಕ್ವೆಸ್ಟೆಡ್-ವಿತ್ ಹೆಡರನ್ನು (ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿಯ ಸಾಲು) ಜೆಕ್ವೆರಿ ಲೈಬ್ರರಿ ತಾನೇ ಹಾಕುತ್ತಿತ್ತು. ಫೆಚ್ ಹಾಕುವುದಿಲ್ಲ. ಸೆಕ್-ಫೆಚ್-ಮೋಡ್ ಎಂಬ ಬ್ರೌಸರಿನ ಹೆಡರ್ ಚೆನ್ನಾಗಿದೆ, ಪೇಜ್ ತೆರೆದರೆ ಅದರಲ್ಲಿ ನ್ಯಾವಿಗೇಟ್ ಅಂತ ಬರುತ್ತದೆ. ಆದರೆ ಅಂಗಡಿಯ ಸರ್ವರ್ ಇರುವುದು ಒಳಗಿನ ನೆಟ್‌ವರ್ಕ್‌ನಲ್ಲಿ, ಬರೀ ಎಚ್‌ಟಿಟಿಪಿಯಲ್ಲಿ. ಅಲ್ಲಿಗೆ ಬ್ರೌಸರ್ ಆ ಹೆಡರ್ ಕಳಿಸುವುದೇ ಇಲ್ಲ.

ಈಗ ಎರಡು ದಾರಿ ಕಾಣುತ್ತಿವೆ. ಎಲ್ಲ ಫೆಚ್ ಕರೆಗೂ ನಾನೇ ಒಂದು ಹೆಡರ್ ಸೇರಿಸುವುದು, ಇಲ್ಲವೇ ಟೇಬಲ್ ಸಾಲುಗಳಿಗೆ ಬೇರೆಯೇ ಯುಆರ್‌ಎಲ್ ಕೊಡುವುದು. ಮೊದಲನೆಯದರಲ್ಲಿ ವೇರಿ ಹೆಡರ್ (ಯಾವ ಹೆಡರ್ ನೋಡಿ ಉತ್ತರ ಬದಲಾಗುತ್ತದೆ ಎಂದು ಕ್ಯಾಶ್‌ಗೆ ಹೇಳುವುದು) ಕೂಡ ಬೇಕು ಅಲ್ವಾ? ಇಲ್ಲದಿದ್ದರೆ ಬ್ಯಾಕ್ ಒತ್ತಿದಾಗ ಕ್ಯಾಶ್‌ನಿಂದ ಬರೀ ಟೇಬಲ್ ತುಂಡು ಬರಬಹುದು. ನನಗೆ ಬೇರೆ ಯುಆರ್‌ಎಲ್ಲೇ ಸರಿ ಅನ್ನಿಸುತ್ತದೆ, ಆದರೆ ಆಗ ವ್ಯೂಗಳು (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಫಂಕ್ಷನ್‌ಗಳು) ಜಾಸ್ತಿ ಆಗುತ್ತವೆ. ಇದನ್ನು ನಿಜವಾಗಿ ನಡೆಸುತ್ತಿರುವವರು ದಯವಿಟ್ಟು ನಿಮ್ಮ ಮಿಡಲ್‌ವೇರ್ (ವ್ಯೂಗೆ ಮುಂಚೆ ಎಲ್ಲ ರಿಕ್ವೆಸ್ಟ್ ನೋಡುವ ಕೋಡ್) ಹೇಗಿದೆ ಎಂದು ತಿಳಿಸಿ.