ತೂತಿಲ್ಲದ ಫೋನೂ ಸೀನನ ಪಿನ್ನೂ

ಸೀನ ಹೊಸ ಫೋನು ತಂದಿದ್ದ. ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಸಿಮ್ ತೆಗೆಯುವ ಪಿನ್ನು. ಹತ್ತು ನಿಮಿಷದಿಂದ ಫೋನನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಲೇ ಇದ್ದ.

“ಏನು ಹುಡುಕುತ್ತಿದ್ದೀಯೋ?” ಎಂದು ಗುಂಡ ಕೇಳಿದ.

“ಸಿಮ್ ಹಾಕುವ ಜಾಗ ಕಣೋ. ಎಲ್ಲೂ ಕಾಣಿಸುತ್ತಿಲ್ಲ. ಓ, ಇಲ್ಲೊಂದು ತೂತಿದೆ!” ಎಂದು ಸೀನ ಪಿನ್ನನ್ನು ಇಟ್ಟೇಬಿಟ್ಟ.

ಪದ್ಮ ಕಿರುಚಿಕೊಂಡಳು. “ಅಯ್ಯೋ ಪುಣ್ಯಾತ್ಮ, ಅದು ಮೈಕು! ಚುಚ್ಚಿದರೆ ನೀನು ಮಾತಾಡಿದ್ದು ಯಾರಿಗೂ ಕೇಳಿಸುವುದಿಲ್ಲ.”

“ಹಾಗಿದ್ರೆ ಚುಚ್ಚಲಿ ಬಿಡು” ಎಂದ ಗುಂಡ.

ವಿಷಯ ಇಷ್ಟು. ಸೀನ ತಂದಿದ್ದು ಇ-ಸಿಮ್ ಮಾತ್ರ ಇರುವ ಫೋನು. ಕಾರ್ಡು ಹಾಕಲು ಅದರಲ್ಲಿ ಜಾಗವೇ ಇಲ್ಲ.

“ಇ-ಸಿಮ್ ಅಂದರೆ ಇಲ್ಲದ ಸಿಮ್ಮು ಅಂತ ತಾನೇ?” ಎಂದು ಗುಂಡ ಅರ್ಥ ಬಿಡಿಸಿದ.

“ಇಲ್ಲದ್ದಲ್ಲ ಕಣೋ, ಒಳಗೇ ಬೆಸುಗೆ ಹಾಕಿದ ಚಿಪ್ಪು” ಎಂದಳು ಪದ್ಮ. “ನಿನ್ನ ನಂಬರಿನ ವಿವರವನ್ನು ಕಂಪನಿಯವರು ಕಳಿಸುತ್ತಾರೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದು ಚಿಪ್ಪಿನೊಳಗೆ ಇಳಿಯುತ್ತದೆ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಅವರು ಕನ್ನಡಕ ಸರಿಮಾಡಿಕೊಂಡರೆ ಇತಿಹಾಸ ಶುರು ಎಂದೇ ಅರ್ಥ. “1991ರಲ್ಲಿ ಜರ್ಮನಿಯ ಒಂದು ಕಂಪನಿ ಫಿನ್‌ಲ್ಯಾಂಡಿಗೆ ಮೊದಲ ಸಿಮ್ ಮಾಡಿಕೊಟ್ಟಿತು. ಆಗ ಅದು ಬ್ಯಾಂಕ್ ಕಾರ್ಡಿನಷ್ಟು ದೊಡ್ಡದಿತ್ತು. ಆಮೇಲೆ 25ಕ್ಕೆ 15 ಮಿಲಿಮೀಟರ್ ಆಯಿತು. ಆಮೇಲೆ 15ಕ್ಕೆ 12. 2012ರಲ್ಲಿ ನ್ಯಾನೊ ಬಂತು, 12.3ಕ್ಕೆ 8.8. ನಾನೇ ಕತ್ತರಿ ಹಿಡಿದು ಸಿಮ್ ಕತ್ತರಿಸಿದವನು.”

“ಕೆಲಸ ಮಾಡಿತಾ ಮೇಷ್ಟ್ರೇ?”

“ಮೂರನೆಯದು ಮಾಡಿತು” ಎಂದರು ಮೇಷ್ಟ್ರು. “ಹೀಗೆ ಸವೆಯುತ್ತಾ ಹೋದದ್ದು ಒಂದು ದಿನ ಮಾಯವಾಗುತ್ತದೆ ಅಂತ ಆಗಲೇ ಹೊಳೆಯಬೇಕಿತ್ತು.”

ಐಫೋನಿನಿಂದ ಮಾಯವಾಗಿದ್ದು 2022ರಲ್ಲಿ. ಆ ವರ್ಷ ಅಮೆರಿಕದಲ್ಲಿ ಮಾರಿದ ಐಫೋನ್ 14ರಲ್ಲಿ ಸಿಮ್ ಟ್ರೇ ಇರಲಿಲ್ಲ. ಆ ಜಾಗದಲ್ಲಿ ಏನು ಇಟ್ಟಿದ್ದಾರೆ ಎಂದು ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ತುಂಡು! ಬಾಡಿಗೆದಾರನನ್ನು ಬಿಡಿಸಿ ಮನೆಗೆ ಬೀಗ ಹಾಕಿಟ್ಟ ಹಾಗೆ. 2025ರಲ್ಲಿ ಮಾತ್ರ ಸ್ವಲ್ಪ ಬುದ್ಧಿ ಬಂತು. ಐಫೋನ್ 17 ಪ್ರೊದಲ್ಲಿ ಟ್ರೇ ಇಲ್ಲದ ಮಾದರಿಗೆ ದೊಡ್ಡ ಬ್ಯಾಟರಿ ಹಾಕಿದರು. ವಿಡಿಯೊ ನೋಡುವ ಲೆಕ್ಕದಲ್ಲಿ ಎರಡು ಗಂಟೆ ಜಾಸ್ತಿ ಬರುತ್ತದೆ ಎನ್ನುವುದು ಕಂಪನಿಯ ಮಾತು. ಅದೇ ವರ್ಷದ ಐಫೋನ್ ಏರ್‌ನಲ್ಲಂತೂ ಯಾವ ದೇಶದಲ್ಲೂ ಟ್ರೇ ಇಲ್ಲ. 5.6 ಮಿಲಿಮೀಟರ್ ದಪ್ಪದ ಫೋನಿನಲ್ಲಿ ಅದಕ್ಕೆ ಜಾಗ ಎಲ್ಲಿಂದ ತರುವುದು?

ಪದ್ಮ ಪೂರ್ತಿ ಇ-ಸಿಮ್ ಪಕ್ಷ. ಕೆಲಸದ ಮೇಲೆ ದೇಶ ದೇಶ ಸುತ್ತುವವಳು. “ಮೊದಲೆಲ್ಲ ವಿಮಾನದಲ್ಲಿ ಕೂತು ಸಿಮ್ ಬದಲಿಸುತ್ತಿದ್ದೆ. ಒಮ್ಮೆ ಕೈಜಾರಿ ಸೀಟಿನ ಕೆಳಗೆ ಬಿತ್ತು. ಮೂರು ಸಾಲಿನವರು ಕಾಲೆತ್ತಿ ಕೂರಬೇಕಾಯಿತು. ಈಗ ಹೊರಡುವ ಮೊದಲೇ ಅಲ್ಲಿನ ಪ್ಲಾನ್ ಹಾಕಿಕೊಳ್ಳುತ್ತೇನೆ, ಇಳಿದ ತಕ್ಷಣ ಇಂಟರ್ನೆಟ್ ರೆಡಿ. ಐಫೋನಿನಲ್ಲಾದರೆ ಎಂಟು ಇ-ಸಿಮ್ ಇಟ್ಟುಕೊಳ್ಳಬಹುದು, ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತವೆ.”

“ಎಂಟು ನಂಬರಾ? ನನಗೆ ಇರುವ ಒಂದಕ್ಕೇ ಯಾರೂ ಫೋನ್ ಮಾಡುವುದಿಲ್ಲ” ಎಂದ ಗುಂಡ.

“ಕಳ್ಳರಿಗೂ ಕಷ್ಟ” ಎಂದು ಪದ್ಮ ಮುಂದುವರಿಸಿದಳು. “ಮೊದಲು ಕದ್ದವನು ಸಿಮ್ ಕಿತ್ತು ತನ್ನ ಫೋನಿಗೆ ಹಾಕಿಕೊಂಡರೆ ನಿನ್ನ ಒಟಿಪಿ ಎಲ್ಲ ಅವನಿಗೇ ಬರುತ್ತಿತ್ತು. ಈಗ ಕೀಳುವುದಕ್ಕೆ ಏನಿದೆ?”

ಮಾತು ನಿಜ. ಆದರೆ ಕೂತಲ್ಲೇ ಕದಿಯುವವರಿಗೆ ಪಿನ್ನು ಬೇಕಾಗಿಲ್ಲ. ಕಂಪನಿಯವರನ್ನೋ ನಮ್ಮನ್ನೋ ನಂಬಿಸಿ ನಮ್ಮ ನಂಬರನ್ನು ತಮ್ಮ ಇ-ಸಿಮ್ಮಿಗೆ ಇಳಿಸಿಕೊಂಡರೆ ಆಯಿತು. ಕಾರ್ಡು ಕೈಗೆ ಬರುವ ತನಕ ಕಾಯುವ ಕೆಲಸವೂ ಇಲ್ಲ. “ನಿಮಗೆ ಬಂದ ಕೋಡ್ ಸ್ವಲ್ಪ ಕಳಿಸಿ” ಎಂದು ಯಾರು ಕೇಳಿದರೂ, ಎಷ್ಟೇ ಮೃದುವಾಗಿ ಕೇಳಿದರೂ, ಕಳಿಸಬಾರದು.

ಅಷ್ಟು ಹೊತ್ತು ಸುಮ್ನಿದ್ದ ನಾನು ನನ್ನ ಗಾಯ ಬಿಚ್ಚಿದೆ. ಹೋದ ವರ್ಷ ನನ್ನ ಫೋನು ಬಕೆಟ್ಟಿಗೆ ಬಿತ್ತು. ಸತ್ತೇ ಹೋಯಿತು. ಕಾರ್ಡು ಇದ್ದಿದ್ದರೆ ಎರಡು ನಿಮಿಷದ ಕೆಲಸ: ತೆಗೆ, ಒರೆಸು, ಹಳೇ ಫೋನಿಗೆ ಹಾಕು. ಆದರೆ ನನ್ನದು ಇ-ಸಿಮ್. ಹಳೇ ಫೋನಿನಲ್ಲಿ ಕಂಪನಿಯ ಆ್ಯಪ್ ತೆರೆದೆ. “ನಿಮ್ಮ ನಂಬರಿಗೆ ಒಟಿಪಿ ಕಳಿಸಿದ್ದೇವೆ” ಎಂದಿತು. ಯಾವ ನಂಬರಿಗೆ? ಬಕೆಟ್ಟಿಗೆ ಬಿದ್ದ ನಂಬರಿಗೆ! ಗುಂಡನ ಫೋನಿನಿಂದ ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. “ದಯವಿಟ್ಟು ನಿಮ್ಮ ನಂಬರಿನಿಂದಲೇ ಕರೆ ಮಾಡಿ ಸರ್” ಎಂದರು. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಹಗ್ಗ ಬೇಕು, ಹಗ್ಗ ಬಿಂದಿಗೆಯ ಜೊತೆಗೇ ಬಾವಿಯಲ್ಲಿದೆ. ಕೊನೆಗೆ ಗುರುತಿನ ಚೀಟಿ ಹಿಡಿದು ಅವರ ಆಫೀಸಿನ ಮುಂದೆ ಅರ್ಧ ದಿನ ನಿಂತೆ. ಫೋಟೊದಲ್ಲಿರುವವನು ನಾನೇ ಎಂದು ಅವರಿಗೆ ನಂಬಿಕೆ ಬರಲು ಅದರಲ್ಲಿ ಮುಕ್ಕಾಲು ಗಂಟೆ ಹೋಯಿತು.

“ನಿನಗೆ ಬಕೆಟ್ಟಿನ ಹತ್ತಿರ ಫೋನ್ ಯಾಕೆ ಬೇಕಿತ್ತು?” ಎಂದಳು ಪದ್ಮ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುವುದು ಸುಳ್ಳಲ್ಲ.

ನೋಡಿ, ಇ-ಸಿಮ್ ಮೇಲೆ ನನಗೇನೂ ದ್ವೇಷವಿಲ್ಲ. ನನ್ನ ಜಗಳ ‘ಮಾತ್ರ’ ಎನ್ನುವ ಪದದ ಜೊತೆ. ಕಾರ್ಡೂ ಇರಲಿ, ಇ-ಸಿಮ್ಮೂ ಇರಲಿ, ಯಾರು ಬೇಡ ಅಂದರು? ಕಾರ್ಡು ಇದ್ದಾಗ ನನ್ನ ನಂಬರು ನನ್ನ ಉಗುರಿನ ತುದಿಯಲ್ಲಿತ್ತು. ಯಾವ ಫೋನಿಗೆ ಹಾಕುತ್ತೀಯ ಎಂದು ಕೇಳುವವರಿರಲಿಲ್ಲ. ಈಗ ನಂಬರನ್ನು ಈ ಫೋನಿನಿಂದ ಆ ಫೋನಿಗೆ ಸಾಗಿಸಬೇಕಾದರೆ ಕಂಪನಿಯ ಅಪ್ಪಣೆ ಬೇಕು, ಇಂಟರ್ನೆಟ್ಟೂ ಬೇಕು. ಎರಡೂ ಫೋನು ಚೆನ್ನಾಗಿದ್ದರೆ ಕೆಲಸ ಸಲೀಸು. ಎರಡೂ ಚೆನ್ನಾಗಿದ್ದರೆ ನಾನ್ಯಾಕೆ ಸಾಗಿಸುತ್ತೇನೆ?

“ಹಳೇ ಫೋನು ಅಳಿಸುವಾಗಲೂ ಜೋಪಾನ” ಎಂದರು ಮೇಷ್ಟ್ರು. “ಇ-ಸಿಮ್ ಕೂಡ ಅಳಿಸಲಾ ಅಂತ ಕೇಳುತ್ತದೆ. ನಾನು ವಿನಯದಿಂದ ಹೂಂ ಅಂದೆ. ಅದೇ ಕೋಡನ್ನು ಮತ್ತೆ ಸ್ಕ್ಯಾನ್ ಮಾಡಿದರೆ, ಇದು ಆಗಲೇ ಬಳಸಿದ್ದು ಅಂತ ಬಂತು.”

ಇಷ್ಟರಲ್ಲಿ ಸೀನನಿಗೆ ಕಂಪನಿಯಿಂದ ಕೋಡ್ ಬಂತು. ಗುಂಡನ ಹಾಟ್‌ಸ್ಪಾಟ್ ಹಿಡಿದು ಹೊಸ ಫೋನಿನಲ್ಲೇ ಇಮೇಲ್ ತೆರೆದ. ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡಿತು. ಆಮೇಲೆ ಅವನು ಎದ್ದು ಕನ್ನಡಿಯ ಮುಂದೆ ಹೋಗಿ ನಿಂತ.

“ಏನೋ ಮಾಡುತ್ತಿದ್ದೀಯಾ?”

“ಇದೇ ಫೋನಿನಿಂದ ಇದೇ ಫೋನನ್ನು ಸ್ಕ್ಯಾನ್ ಮಾಡಬೇಕಲ್ಲ?”

ಪದ್ಮ ಹಣೆ ಚಚ್ಚಿಕೊಂಡಳು. ಇಮೇಲನ್ನು ಗುಂಡನ ಫೋನಿಗೆ ಕಳಿಸಿ, ಅಲ್ಲಿ ಮೂಡಿದ ಕೋಡನ್ನು ಹೊಸ ಫೋನಿನಿಂದ ಸ್ಕ್ಯಾನ್ ಮಾಡಿಸಿದಳು. ಒಂದೆರಡು ನಿಮಿಷ ಚಕ್ರ ತಿರುಗಿತು. ನೆಟ್‌ವರ್ಕಿನ ಕಡ್ಡಿಗಳು ಒಂದೊಂದಾಗಿ ಎದ್ದವು. ಸೀನನಿಗೆ ಹಿಗ್ಗೋ ಹಿಗ್ಗು. ಮೊದಲ ಕರೆಯನ್ನು ಎದುರಿಗೇ ಕೂತಿದ್ದ ಗುಂಡನಿಗೇ ಮಾಡಿದ.

“ಹಲೋ ಗುಂಡ, ನಾನು ಮಾತಾಡುವುದು ಕೇಳಿಸ್ತಿದೆಯಾ?”

“ಇಲ್ಲ ಕಣೋ, ಒಂದಕ್ಷರವೂ ಕೇಳಿಸುತ್ತಿಲ್ಲ” ಎಂದ ಗುಂಡ.

ಸೀನ ಗಾಬರಿಯಿಂದ ಪಿನ್ನಿನ ಕಡೆ ನೋಡಿದ.